ಗೇಟಿನಲ್ಲಿ ಕೇಳಿದ ಲಸಿಕೆ ಸರ್ಟಿಫಿಕೇಟ್: ಕೋರ್ಟುಗಳು ಹೇಳಿದ್ದೇನು?

ಬಳ್ಳಾರಿಯಲ್ಲಿ ಸರ್ಕಾರಿ ನೌಕರರು ಮತ್ತು ಗುತ್ತಿಗೆ ಕಾರ್ಮಿಕರು ಸೇರಿದ್ದ ಸಭೆಯಲ್ಲಿ ವಕೀಲನಾಗಿ ನಾನು ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಲಸಿಕೆಯ ಪರ. ಐವತ್ತು ದಾಟಿದ ಎಷ್ಟೋ ಜನರ ತೋಳಿನ ಮೇಲೆ ಸಿಡುಬಿನ ಲಸಿಕೆಯ ಕಲೆ ಇವತ್ತಿಗೂ ಇದೆ. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಕಾಣಿಸಿಲ್ಲ. ಮನೆಮನೆಗೆ ಹೋಗಿ ಎರಡೆರಡು ಹನಿ ಹಾಕಿದ್ದರಿಂದ 2014ರಲ್ಲಿ ಭಾರತ ಪೋಲಿಯೊ ಮುಕ್ತ ಅನ್ನಿಸಿಕೊಂಡಿತು. ಕೊರೊನಾ ಕಾಲದಲ್ಲಿ ನಾನೂ ಸಾಲಿನಲ್ಲಿ ನಿಂತು ಹಾಕಿಸಿಕೊಂಡೆ, ಮನೆಯವರಿಗೂ ಹಾಕಿಸಿದೆ. ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆ ಮಾಡಲು ನಾನು ಇಲ್ಲಿಗೆ ಬಂದಿಲ್ಲ.

ನನ್ನ ವಿಷಯ ಬೇರೆ. ಸರ್ಕಾರ ನಿಮಗೆ ಕೆಲಸ ಕೊಟ್ಟಿದೆ, ಸಂಬಳ ಕೊಡುತ್ತದೆ. ಅದೇ ಸರ್ಕಾರ "ಲಸಿಕೆ ಹಾಕಿಸಿಕೊಳ್ಳದಿದ್ದರೆ ಕೆಲಸಕ್ಕೆ ಬರಬೇಡ" ಅಂದರೆ ಆ ಮಾತಿಗೆ ಕಾನೂನಿನ ಬಲ ಎಷ್ಟು? ಕೋರ್ಟಿಗೆ ಹೋದವರಿಗೆ ಏನು ಸಿಕ್ಕಿತು? ಕೊರೊನಾ ಮುಗಿಯಿತಲ್ಲ, ಈಗ್ಯಾಕೆ ಈ ಮಾತು ಅಂತ ಕೆಲವರು ಕೇಳಿದರು. ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದರೆ ಕಚೇರಿಗಳಲ್ಲಿ ಮೊದಲು ತೆಗೆಯುವುದು 2021ರ ಹಳೇ ಫೈಲನ್ನೇ. ಅದೇ ಆದೇಶಕ್ಕೆ ಹೊಸ ದಿನಾಂಕ ಹಾಕಿ ಹೊರಡಿಸುತ್ತಾರೆ. ಅಷ್ಟರೊಳಗೆ ನಮಗೂ ವಿಷಯ ಗೊತ್ತಿರಬೇಕು, ಅಲ್ವಾ?

2021ರ ಜನವರಿ 16ಕ್ಕೆ ಲಸಿಕೆ ಶುರುವಾಯಿತು. ಮೊದಲು ಆಸ್ಪತ್ರೆ ಸಿಬ್ಬಂದಿ. ಫೆಬ್ರವರಿಯಿಂದ ಪೊಲೀಸರು, ಪೌರಕಾರ್ಮಿಕರು, ಕಂದಾಯ ಇಲಾಖೆಯವರು. ಏಪ್ರಿಲ್ 11ರಿಂದ, ಅರ್ಹರು ನೂರರಷ್ಟು ಇರುವ ಕಚೇರಿ, ಕಾರ್ಖಾನೆಗಳ ಒಳಗೇ ಲಸಿಕೆ ಹಾಕಲು ಕೇಂದ್ರ ಅನುಮತಿ ಕೊಟ್ಟಿತು. ಕೇಂದ್ರ ಆರೋಗ್ಯ ಸಚಿವಾಲಯ ಆಗ ಹೇಳುತ್ತಿದ್ದದ್ದು ಒಂದೇ: ಇದು ಅವರವರ ಇಷ್ಟ, ಕಡ್ಡಾಯ ಅಲ್ಲ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅಫಿಡವಿಟ್‌ನಲ್ಲೂ, ಒಪ್ಪಿಗೆ ಇಲ್ಲದೆ ಯಾರಿಗೂ ಬಲವಂತವಾಗಿ ಲಸಿಕೆ ಹಾಕಲು ಬರುವುದಿಲ್ಲ ಎಂದೇ ಬರೆದುಕೊಟ್ಟಿತು.

ಮೇಲಿನಿಂದ ಕೆಳಗೆ ಇಳಿಯುತ್ತಾ ಮಾತು ಬದಲಾಯಿತು. 2021ರ ಅಕ್ಟೋಬರ್‌ನಲ್ಲಿ ದೆಹಲಿ ಸರ್ಕಾರ, ಒಂದು ಡೋಸೂ ಹಾಕಿಸಿಕೊಳ್ಳದ ನೌಕರರು, ಶಿಕ್ಷಕರು ಕಚೇರಿಗೆ ಬರುವಂತಿಲ್ಲ, ಬಾರದ ದಿನಗಳನ್ನು ರಜೆ ಎಂದು ಹಿಡಿಯಬೇಕು ಅಂದಿತು. ನಮ್ಮ ರಾಜ್ಯದ ಡಿಸೆಂಬರ್ ಮಾರ್ಗಸೂಚಿಯಲ್ಲಿ ಸರ್ಕಾರಿ ನೌಕರರಿಗೆ ಎರಡು ಡೋಸ್ ಕಡ್ಡಾಯ ಎಂದಿತ್ತು. ಅದಕ್ಕೂ ಮೊದಲು ಚಾಮರಾಜನಗರದಲ್ಲಿ ಲಸಿಕೆ ಇಲ್ಲದವರಿಗೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಅನ್ನುವ ಮಾತು ಬಂದು ದೊಡ್ಡ ಗಲಾಟೆಯಾಯಿತು. ಅಂಥ ಆದೇಶ ಸರ್ಕಾರದ್ದಲ್ಲ ಎಂದು ಆಮೇಲೆ ಸ್ಪಷ್ಟನೆ ಬಂತು.

ಇನ್ನೂ ಕೆಳಗೆ ಬಂದರೆ ಆದೇಶ ಅನ್ನುವುದೇ ಇರಲಿಲ್ಲ. ಆ ದಿನಗಳಲ್ಲಿ ಒಬ್ಬ ಗುತ್ತಿಗೆ ನೌಕರರು ನನ್ನ ಆಫೀಸಿಗೆ ಒಂದು ಕಾಗದ ತಂದಿದ್ದರು. ವಾಟ್ಸಾಪ್ ಗ್ರೂಪಿನ ಮೆಸೇಜಿನ ಸ್ಕ್ರೀನ್‌ಶಾಟ್, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದು. "ನಾಳೆಯಿಂದ ಎರಡು ಡೋಸ್ ಸರ್ಟಿಫಿಕೇಟ್ ತೋರಿಸದವರಿಗೆ ಹಾಜರಿ ಇಲ್ಲ." ಅಷ್ಟೇ. ಆದೇಶದ ನಂಬರ್ ಇಲ್ಲ. ಯಾವ ಕಾಯ್ದೆ, ಯಾವ ಸೆಕ್ಷನ್ ಎಂದಿಲ್ಲ. ಸಹಿ ಇಲ್ಲ. ಯಾವ ಅಧಿಕಾರಿ ಹೇಳಿದ್ದು ಅನ್ನುವುದೂ ಇಲ್ಲ. ಜೊತೆಗೆ ಅವರು ಮೊಬೈಲಿನಲ್ಲಿ ಹಾಜರಿ ಪುಸ್ತಕದ ಒಂದು ಪುಟದ ಫೋಟೊ ತೋರಿಸಿದರು. ಅವರ ಹೆಸರಿನ ಮುಂದೆ ಸಾಲಾಗಿ ಕೆಂಪು ಇಂಕಿನಲ್ಲಿ "ಗೈರು". ಪ್ರತಿ ದಿನವೂ ಅವರು ಹೊತ್ತಿಗೆ ಸರಿಯಾಗಿ ಗೇಟಿಗೆ ಹೋಗಿದ್ದರು. ಸೆಕ್ಯುರಿಟಿಯವರು ವಾಪಸ್ ಕಳಿಸಿದ್ದರು. ಕೆಲಸಕ್ಕೆ ಬಾರದೆ ಇರುವುದು ಬೇರೆ, ಬಂದವರನ್ನು ಒಳಗೆ ಬಿಡದೆ ಇರುವುದು ಬೇರೆ. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯಲ್ಲಿ ಯಾವ ಯಾವ ಕಾರಣಕ್ಕೆ ಕೂಲಿ ಹಿಡಿಯಬಹುದು ಎಂಬುದಕ್ಕೆ ಒಂದು ಪಟ್ಟಿಯೇ ಇತ್ತು. ಗೈರಾದರೆ ಹಿಡಿಯಬಹುದು. ಲಸಿಕೆ ಹಾಕಿಸಿಕೊಂಡಿಲ್ಲ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಪುಸ್ತಕದಲ್ಲಿ ಏನು ಬರೆಯುತ್ತಾರೆ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಅವರು ಲಸಿಕೆಯ ವಿರೋಧಿಯೂ ಆಗಿರಲಿಲ್ಲ. ಮೊದಲ ಡೋಸ್ ಆಗಿತ್ತು. ಆಗ ಜ್ವರ ಬಂದು ಎರಡು ದಿನದ ಕೂಲಿ ಹೋಗಿತ್ತು. "ರಜೆ ಕೊಟ್ಟರೆ ಎರಡನೇದೂ ಹಾಕಿಸಿಕೊಳ್ತೀನಿ ಸರ್" ಅಂದರು. ಇನ್ನೊಂದು ತೊಡಕೂ ಇತ್ತು. ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ ಕನಿಷ್ಠ 84 ದಿನ ಇರಬೇಕು ಎಂದು 2021ರ ಮೇ ತಿಂಗಳಲ್ಲಿ ಸರ್ಕಾರವೇ ಹೇಳಿತ್ತು. ಆ 84 ದಿನ ತುಂಬದ ಮನುಷ್ಯ ಎರಡನೇ ಡೋಸ್ ಸರ್ಟಿಫಿಕೇಟ್ ಎಲ್ಲಿಂದ ತರಬೇಕು?

ಈಗ ಕೋರ್ಟುಗಳ ಕಡೆಗೆ ಬರೋಣ. ಇಂಥ ಕೇಸುಗಳಲ್ಲಿ ಲಸಿಕೆ ಒಳ್ಳೆಯದಾ ಅಂತ ಕೋರ್ಟು ಕೇಳುವುದು ಕಡಿಮೆ. ಅದು ಕೇಳುವ ಪ್ರಶ್ನೆಗಳು ಕರ್ನಾಟಕದವರೊಬ್ಬರ ಹೆಸರಿನಲ್ಲಿರುವ ತೀರ್ಪಿನಿಂದ ಬಂದವು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಸರ್ಕಾರ ಈ ಹಕ್ಕಿಗೆ ಕೈ ಹಾಕಬೇಕಾದರೆ ಅದರ ಹಿಂದೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಬಿಗಿ ಇರಬೇಕು ಎಂದೂ ಹೇಳಿತು. ಲಸಿಕೆಯ ಕೇಸುಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬಂದು ನಿಂತವು.

ಮೇಘಾಲಯದಲ್ಲಿ ಅಂಗಡಿಯವರು, ಟ್ಯಾಕ್ಸಿ ಚಾಲಕರು ಲಸಿಕೆ ಹಾಕಿಸಿಕೊಂಡ ಮೇಲೆಯೇ ಕೆಲಸ ಶುರು ಮಾಡಬೇಕು ಎಂದು ಜಿಲ್ಲಾಧಿಕಾರಿಗಳು ಆದೇಶ ಮಾಡಿದ್ದರು. ಅಲ್ಲಿನ ಹೈಕೋರ್ಟ್ 2021ರ ಜೂನ್ 23ರಂದು, ಲಸಿಕೆ ಈ ಹೊತ್ತಿನ ಅಗತ್ಯ ಹೌದು, ಆದರೆ ಬಲವಂತದಿಂದ ಹಾಕಿಸಿದರೆ ಅದರ ಉದ್ದೇಶವೇ ಕೆಡುತ್ತದೆ ಎಂದಿತು. ಬದಲಿಗೆ, ಇಲ್ಲಿ ಕೆಲಸ ಮಾಡುವವರಿಗೆ ಲಸಿಕೆ ಆಗಿದೆಯೋ ಇಲ್ಲವೋ ಎಂದು ಅಂಗಡಿ, ಆಟೊ, ಟ್ಯಾಕ್ಸಿಗಳ ಮೇಲೆ ಕಾಣುವ ಹಾಗೆ ಬೋರ್ಡ್ ಹಾಕಿ, ಹೋಗುವುದು ಬಿಡುವುದು ಗಿರಾಕಿಗೆ ಬಿಟ್ಟದ್ದು ಎಂದಿತು. ಹೊಟ್ಟೆಪಾಡಿಗೆ ಕೈ ಹಾಕದೆಯೂ ಜನರನ್ನು ಎಚ್ಚರಿಸುವ ದಾರಿ ಇದೆ ಎಂದು ಕೋರ್ಟೇ ತೋರಿಸಿಕೊಟ್ಟಿತು. ನನಗೆ ಬಹಳ ಹಿಡಿಸಿದ ಆದೇಶ ಇದು.

ಮುಂದಿನ ತಿಂಗಳೇ ಗುವಾಹಟಿ ಹೈಕೋರ್ಟಿನ ಇಟಾನಗರ ಪೀಠದ ಮುಂದೆ ಅರುಣಾಚಲದ ಆದೇಶ ಬಂತು. ಅಭಿವೃದ್ಧಿ ಕಾಮಗಾರಿಗೆ ರಾಜ್ಯದೊಳಗೆ ಬರುವ ಕೆಲಸಗಾರರಲ್ಲಿ ಲಸಿಕೆ ಆದವರಿಗೆ ಮಾತ್ರ ಪರ್ಮಿಟ್ ಎಂದಿತ್ತು. ಲಸಿಕೆ ಆದವರಿಗೂ ಸೋಂಕು ಬರುತ್ತದೆ, ಅವರಿಂದಲೂ ಹರಡುತ್ತದೆ, ಹಾಗಿರುವಾಗ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ತಡೆಯಲು ಏನು ಕಾರಣ ಎಂದು ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಮುಂಬೈಯಲ್ಲಿ ಎರಡು ಡೋಸ್ ಇಲ್ಲದವರು ಲೋಕಲ್ ರೈಲು ಹತ್ತುವಂತಿರಲಿಲ್ಲ. ಮುಂಬೈಯಲ್ಲಿ ಲೋಕಲ್ ಇಲ್ಲ ಅಂದರೆ ಕೆಲಸ ಇಲ್ಲ ಅಂತಲೇ ಅರ್ಥ. ಬಾಂಬೆ ಹೈಕೋರ್ಟ್ 2022ರ ಆರಂಭದಲ್ಲಿ ಹಿಡಿದ ತಪ್ಪು ಬಹಳ ಸಣ್ಣದಾಗಿ ಕಾಣುತ್ತದೆ: ಸಮಿತಿ ಕೂತು ಮಾಡಬೇಕಾದ ತೀರ್ಮಾನವನ್ನು ಮುಖ್ಯ ಕಾರ್ಯದರ್ಶಿ ಒಬ್ಬರೇ ಮಾಡಿದ್ದರು. ಸಣ್ಣದಲ್ಲ. ಸಹಿ ಮಾಡಿದವರಿಗೆ ಅಧಿಕಾರ ಇತ್ತಾ ಅನ್ನುವುದು ಯಾವ ಆದೇಶಕ್ಕೂ ಕೇಳಬಹುದಾದ ಮೊದಲ ಪ್ರಶ್ನೆ.

ಎಲ್ಲರೂ ಗೆದ್ದರು ಅಂದುಕೊಳ್ಳಬೇಡಿ. ವಾಯುಪಡೆಯ ಒಬ್ಬ ಕಾರ್ಪೊರಲ್ ಲಸಿಕೆ ಒಲ್ಲೆ ಎಂದಿದ್ದಕ್ಕೆ ಶೋಕಾಸ್ ನೋಟಿಸ್ ಬಂದು ಗುಜರಾತ್ ಹೈಕೋರ್ಟಿಗೆ ಹೋದರು. ಅವರ ಮಾತನ್ನು ಮತ್ತೆ ಪರಿಶೀಲಿಸಿ ಎಂದು ಕೋರ್ಟು ಹೇಳಿತು, ಅಲ್ಲಿವರೆಗೆ ರಕ್ಷಣೆಯನ್ನೂ ಕೊಟ್ಟಿತು. ನಿರಾಕರಿಸಿದವರಲ್ಲಿ, ನೋಟಿಸಿಗೆ ಉತ್ತರವನ್ನೇ ಕೊಡದ ಇನ್ನೊಬ್ಬರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಕೇಂದ್ರ ಅದೇ ಕೋರ್ಟಿಗೆ ತಿಳಿಸಿತು. ಸೇನೆಯ ಶಿಸ್ತು ಬೇರೆ, ನಮ್ಮ ತಾಲ್ಲೂಕು ಕಚೇರಿಯ ಶಿಸ್ತು ಬೇರೆ. ಆದರೂ ನೋಟಿಸ್ ಬಂದರೆ ಸುಮ್ನೆ ಕೂರಬಾರದು ಅನ್ನುವುದು ಎಲ್ಲರಿಗೂ ಒಂದೇ.

ಇವೆಲ್ಲದರ ಮೇಲೆ ಬಂದದ್ದು ಸುಪ್ರೀಂ ಕೋರ್ಟಿನ ಜೇಕಬ್ ಪುಲಿಯೆಲ್ ತೀರ್ಪು. 2022ರ ಮೇ 2, ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ. ಅರ್ಜಿ ಹಾಕಿದವರು ಮಕ್ಕಳ ವೈದ್ಯರು, ಲಸಿಕೆ ಕುರಿತ ರಾಷ್ಟ್ರೀಯ ಸಲಹಾ ಸಮಿತಿಯಲ್ಲೇ ಹಿಂದೆ ಇದ್ದವರು. ದೆಹಲಿ, ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ಕಡ್ಡಾಯದ ಆದೇಶಗಳನ್ನು ಅವರು ಪ್ರಶ್ನಿಸಿದ್ದರು. ನಮ್ಮ ಮೈ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯ ಒಳಗೇ ಬರುತ್ತದೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಕೋರ್ಟು ಹೇಳಿತು. ಲಸಿಕೆ ಹಾಕಿಸಿಕೊಳ್ಳದವರಿಂದ ಸೋಂಕು ಜಾಸ್ತಿ ಹರಡುತ್ತದೆ ಎಂದು ತೋರಿಸುವ ಅಂಕಿಅಂಶವನ್ನು ಯಾವ ಸರ್ಕಾರವೂ ಮುಂದಿಟ್ಟಿಲ್ಲ, ಹಾಗಾಗಿ ಅವರಿಗೆ ಮಾತ್ರ ಹಾಕಿದ ನಿರ್ಬಂಧಗಳು ಅಳತೆ ಮೀರಿದವು ಎಂದಿತು. ಅಂಥ ಆದೇಶಗಳನ್ನು ಮತ್ತೆ ಪರಿಶೀಲಿಸಿ ಎಂದು ಸರ್ಕಾರಗಳಿಗೆ ಮಾತ್ರವಲ್ಲ, ಖಾಸಗಿ ಸಂಸ್ಥೆಗಳಿಗೂ ಸಲಹೆ ಕೊಟ್ಟಿತು.

ಈ ತೀರ್ಪನ್ನು ವಾಟ್ಸಾಪಿನಲ್ಲಿ ಅರ್ಧ ಮಾತ್ರ ಹಂಚಿದರು. ಉಳಿದರ್ಧ ಕೇಳಿ. ಸರ್ಕಾರದ ಲಸಿಕೆ ನೀತಿಯನ್ನು ಕೋರ್ಟು ತಪ್ಪು ಎನ್ನಲಿಲ್ಲ, ತಜ್ಞರ ಅಭಿಪ್ರಾಯದ ಮೇಲೆ ನಿಂತ ನೀತಿ ಎಂದು ಒಪ್ಪಿತು. ಜನರ ಆರೋಗ್ಯಕ್ಕಾಗಿ ಒಬ್ಬೊಬ್ಬರ ಹಕ್ಕಿಗೆ ಮಿತಿ ಹಾಕುವ ಅಧಿಕಾರ ಸರ್ಕಾರಕ್ಕೆ ಇದೆ ಎಂದಿತು. ನಿರ್ಬಂಧಗಳ ಬಗ್ಗೆ ಹೇಳಿದ್ದು ಆವತ್ತಿನ ಪರಿಸ್ಥಿತಿಗೆ ಮಾತ್ರ ಎಂದೂ ಸ್ಪಷ್ಟಪಡಿಸಿತು. ನಾಳೆ ಬೇರೆ ರೋಗ ಬಂದು, ಆ ಲಸಿಕೆ ಹರಡುವುದನ್ನೇ ತಡೆಯುತ್ತದೆ ಎಂದು ಸರ್ಕಾರ ಅಂಕಿಅಂಶ ಸಮೇತ ತೋರಿಸಿದರೆ ಕೋರ್ಟಿನ ಉತ್ತರವೂ ಬೇರೆ ಆಗಬಹುದು. ಅದು ಸರಿಯೂ ಹೌದು.

ಸರ್ಕಾರದ ಆದೇಶ ಸಂಬಳಕ್ಕೆ ತಗುಲಿಕೊಂಡಾಗ ಕೋರ್ಟುಗಳು ಯಾಕೆ ಇಷ್ಟು ಹುಷಾರಾಗುತ್ತವೆ? ಇದಕ್ಕೆ ಹಿಂದಿನ ಒಂದು ಕತೆ ಹೇಳಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ಊರಿನಲ್ಲಿ ಸಿಡುಬು ಹಬ್ಬಿತ್ತು. ದೊಡ್ಡವರೆಲ್ಲ ಲಸಿಕೆ ಹಾಕಿಸಿಕೊಳ್ಳಬೇಕು, ತಪ್ಪಿದರೆ ಐದು ಡಾಲರ್ ದಂಡ ಎಂದಿತ್ತು. ಹೆನ್ನಿಂಗ್ ಜೇಕಬ್ಸನ್ ಎಂಬ ಪಾದ್ರಿ ಒಪ್ಪಲಿಲ್ಲ. 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರದ ಪರ ತೀರ್ಪು ಕೊಟ್ಟಿತು. ಯಾರೂ ಅವರ ಕೈ ಹಿಡಿದು ಚುಚ್ಚಲಿಲ್ಲ, ದಂಡ ಕಟ್ಟಬೇಕಾಯಿತು ಅಷ್ಟೇ. ಇವತ್ತಿಗೂ ಜಗತ್ತಿನ ಕೋರ್ಟುಗಳಲ್ಲಿ ಈ ತೀರ್ಪನ್ನು ಎತ್ತಿ ಓದುತ್ತಾರೆ.

ಆದರೆ ಅದರ ಮುಂದಿನ ಹೆಜ್ಜೆ ನೋಡಿ. 1927ರಲ್ಲಿ ಅದೇ ಕೋರ್ಟಿನ ಮುಂದೆ "ಬುದ್ಧಿ ಬೆಳೆಯದವಳು" ಎಂದು ಹಣೆಪಟ್ಟಿ ಹಚ್ಚಿದ್ದ ಕ್ಯಾರಿ ಬಕ್ ಎಂಬ ಬಡ ಹುಡುಗಿಯ ಕೇಸ್ ಬಂತು. ಅವಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ವರ್ಜೀನಿಯಾ ರಾಜ್ಯ ಹೊರಟಿತ್ತು. ಕೋರ್ಟು ಅದನ್ನೂ ಒಪ್ಪಿತು. ಕೊಟ್ಟ ಆಧಾರ ಯಾವುದು ಗೊತ್ತಾ? ಜೇಕಬ್ಸನ್ ತೀರ್ಪು. ಕಡ್ಡಾಯ ಲಸಿಕೆಗೆ ಒಪ್ಪುವ ತತ್ವ ಇದಕ್ಕೂ ಸಾಕಾಗುತ್ತದೆ ಎಂದು ನ್ಯಾಯಮೂರ್ತಿ ಹೋಮ್ಸ್ ಬರೆದರು. ಜನರ ಜೀವ ಉಳಿಸಲು ಕೊಟ್ಟ ಅಧಿಕಾರವನ್ನು ಇಪ್ಪತ್ತೆರಡು ವರ್ಷಗಳಲ್ಲಿ ಎಲ್ಲಿಗೆ ಎಳೆದುಕೊಂಡು ಹೋದರು ನೋಡಿ.

ನಮ್ಮಲ್ಲೂ ಆಯಿತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರಿ ನೌಕರರಿಗೆ, ಅದರಲ್ಲೂ ಶಿಕ್ಷಕರಿಗೆ, ಇಷ್ಟು ಜನರನ್ನು ಸಂತಾನಹರಣ ಆಪರೇಷನ್‌ಗೆ ಕರೆತರಬೇಕು ಎಂದು ಗುರಿ ಕೊಟ್ಟರು. ಗುರಿ ಮುಟ್ಟದವರ ಸಂಬಳ ತಡೆದರು. ಉತ್ತರ ಭಾರತದಲ್ಲಿ ಇದು ಜಾಸ್ತಿ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಮುಂದೆ ಇದೆಲ್ಲ ದಾಖಲಾಗಿದೆ. ಲಸಿಕೆ ಮತ್ತು ಆ ಆಪರೇಷನ್ ಒಂದೇ ಎಂದು ನಾನು ಖಂಡಿತ ಹೇಳುತ್ತಿಲ್ಲ. ಲಸಿಕೆ ನನ್ನನ್ನೂ ಪಕ್ಕದವರನ್ನೂ ಕಾಯುತ್ತದೆ, ಆ ಆಪರೇಷನ್ ಯಾರನ್ನೂ ಕಾಯಲಿಲ್ಲ. ಆದರೆ ಎರಡರಲ್ಲೂ ಬಳಸಿದ ಕೈಚಳಕ ಒಂದೇ: ಸಂಬಳದ ಬಿಲ್ಲಿಗೆ ಸಹಿ ಹಾಕದಿರುವುದು. ಸಂಬಳ ನಂಬಿ ಬದುಕುವ ಮನುಷ್ಯನಿಗೆ ಅದರ ಮುಂದೆ ಬೇರೆ ಯಾವ ಬೆದರಿಕೆಯೂ ಬೇಕಾಗಿಲ್ಲ.

ಮತ್ತೆ ಈಚಿನ ಕಾಲಕ್ಕೆ ಬರುತ್ತೇನೆ. ಕೆಲಸದ ಜಾಗದ ಲಸಿಕೆ ಬಗ್ಗೆ ಅತಿ ಸ್ಪಷ್ಟವಾದ ಚರ್ಚೆ ನಡೆದದ್ದು ಅಮೆರಿಕದಲ್ಲಿ, 2022ರ ಜನವರಿ 13ರಂದು. ಒಂದೇ ದಿನ ಎರಡು ಆದೇಶ ಬಂದವು. ನೂರು ಮತ್ತು ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳಲ್ಲಿ ಲಸಿಕೆ, ಇಲ್ಲವಾದರೆ ವಾರಕ್ಕೊಂದು ಟೆಸ್ಟ್ ಮತ್ತು ಮಾಸ್ಕ್ ಎಂದು ಕಾರ್ಮಿಕ ಸುರಕ್ಷತೆಯ ಇಲಾಖೆ ನಿಯಮ ಮಾಡಿತ್ತು. ಸುಮಾರು 8.4 ಕೋಟಿ ಕೆಲಸಗಾರರು ಇದರ ವ್ಯಾಪ್ತಿಗೆ ಬರುತ್ತಿದ್ದರು. ಆರು ನ್ಯಾಯಮೂರ್ತಿಗಳು ತಡೆ ಕೊಟ್ಟರು, ಮೂವರು ಒಪ್ಪಲಿಲ್ಲ. ಕೊರೊನಾ ಮನೆಯಲ್ಲೂ ಹರಡುತ್ತದೆ, ಶಾಲೆಯಲ್ಲೂ ಹರಡುತ್ತದೆ, ಅದನ್ನು ಕೆಲಸದಿಂದ ಬರುವ ಅಪಾಯ ಎಂದು ಹಿಡಿದು ಇಷ್ಟು ದೊಡ್ಡ ನಿಯಮ ಮಾಡುವ ಅಧಿಕಾರವನ್ನು ಸಂಸತ್ತು ಆ ಇಲಾಖೆಗೆ ಕೊಟ್ಟಿಲ್ಲ ಎಂದರು. ಅದೇ ದಿನ, ಸರ್ಕಾರಿ ವಿಮೆಯ ಹಣ ಪಡೆಯುವ ಆಸ್ಪತ್ರೆಗಳ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿದ್ದ ನಿಯಮವನ್ನು ಐವರು ಎತ್ತಿಹಿಡಿದರು, ನಾಲ್ವರು ವಿರೋಧಿಸಿದರು. ರೋಗಿಗೆ ರೋಗ ಅಂಟಿಸಬಾರದು ಅನ್ನುವುದು ಆಸ್ಪತ್ರೆ ಕೆಲಸದ ಒಳಗೇ ಇರುವ ಜವಾಬ್ದಾರಿ ಎಂಬುದು ಅವರ ವಾದ.

ನನಗೆ ಈ ವ್ಯತ್ಯಾಸ ಸರಿ ಅನ್ನಿಸುತ್ತದೆ. ನಮ್ಮ ಬಳ್ಳಾರಿಯ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಐಸಿಯು ಒಳಗೆ ಕೆಲಸ ಮಾಡುವ ನರ್ಸ್‌ಗೆ ಇಡುವ ಷರತ್ತನ್ನೇ ಬೆಳಗಿನ ಜಾವ ಒಬ್ಬರೇ ರಸ್ತೆ ಗುಡಿಸುವ ಅಕ್ಕನಿಗೂ ಇಡುವುದು ನ್ಯಾಯವಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನ ಕೆಲಸ ಬೇರೆ, ಹಟ್ಟಿ ಚಿನ್ನದ ಗಣಿಯ ಒಳಗಿನ ಪಾಳಿ ಬೇರೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಆದೇಶ ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಇನ್ನೊಂದು ಮಾತು. ತಡೆ ಬಿದ್ದ ಆ ಅಮೆರಿಕದ ನಿಯಮದಲ್ಲೂ ಲಸಿಕೆಗೆ ಹೋಗಲು ಸಂಬಳ ಸಹಿತ ನಾಲ್ಕು ಗಂಟೆವರೆಗೆ ಬಿಡುವು, ಜ್ವರ ಬಂದರೆ ರಜೆ ಕೊಡಬೇಕು ಎಂದಿತ್ತು. ನಮ್ಮ ಆ ಗುತ್ತಿಗೆ ನೌಕರರು ಕೇಳಿದ್ದೂ ಅಷ್ಟನ್ನೇ.

ನ್ಯೂಜಿಲೆಂಡಿನಲ್ಲಿ 2022ರ ಫೆಬ್ರವರಿಯಲ್ಲಿ ಪೊಲೀಸ್ ಮತ್ತು ಸೇನೆಗೆ ಹಾಕಿದ್ದ ಕಡ್ಡಾಯವನ್ನು ಹೈಕೋರ್ಟ್ ರದ್ದು ಮಾಡಿತು. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಆಗಲೇ ತಾವಾಗಿ ಲಸಿಕೆ ಹಾಕಿಸಿಕೊಂಡಿದ್ದರು. ಉಳಿದ ಕೆಲವರನ್ನು ಮನೆಗೆ ಕಳಿಸುವುದರಿಂದ ಏನು ಸಾಧಿಸುತ್ತೀರಿ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಸರಿಯಾದ ಉತ್ತರ ಇರಲಿಲ್ಲ.

ಇಲ್ಲಿಂದ ನಾವು ಎಲ್ಲಿಗೆ ಹೋಗಬೇಕು? ರಾಜ್ಯ ಸರ್ಕಾರದ ನೌಕರರು ಸೇವಾ ವಿಷಯಕ್ಕೆ ಮೊದಲು ಆಡಳಿತ ನ್ಯಾಯಮಂಡಳಿಗೆ ಹೋಗಬೇಕು, ಅದೇ ಕೆಎಟಿ. ಬೆಳಗಾವಿ, ಕಲಬುರಗಿಯಲ್ಲಿ ಅದರ ಪೀಠಗಳಿವೆ. ನಿಗಮದವರು, ಸರ್ಕಾರಿ ಕಂಪನಿಯವರು ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಬಳ್ಳಾರಿ, ಕೊಪ್ಪಳದವರಿಗೆ ಹೈಕೋರ್ಟಿನ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಖಾಸಗಿ ಕಾರ್ಖಾನೆಯವರ ದಾರಿ ಸಾಮಾನ್ಯವಾಗಿ ಕಾರ್ಮಿಕ ಇಲಾಖೆ ಮೂಲಕ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಒಂದೇ: ಯಾವ ಆದೇಶವನ್ನು ಪ್ರಶ್ನಿಸುತ್ತಿದ್ದೀರಿ, ಅದರ ಪ್ರತಿ ಎಲ್ಲಿ?

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಪೌರಕಾರ್ಮಿಕ ಅಕ್ಕ ಎದ್ದು ನಿಂತು ಕೇಳಿದರು: "ಸರ್, ನಮಗ ಆರ್ಡರ್ ಕಾಪಿ ಯಾರು ಕೊಡ್ತಾರ? ಮೇಸ್ತ್ರಿ ಬಂದು ಬಾಯಿಲೆ ಹೇಳಿ ಹೋಗ್ತಾನ. ಕಾಗದ ಕೇಳಿದ್ರ, ನಾಳಿಂದ ಬರಬ್ಯಾಡ ಅಂತಾನ. ನಾವೇನು ಮಾಡಬೇಕು?"

ಇಡೀ ಸಭೆಯಲ್ಲಿ ಬಂದ ಅತಿ ಮುಖ್ಯ ಪ್ರಶ್ನೆ ಇದು. ಮೇಲೆ ಹೇಳಿದ ತೀರ್ಪುಗಳೆಲ್ಲ ಕಾಗದದ ಮೇಲಿದ್ದ ಆದೇಶಗಳ ವಿರುದ್ಧ ಬಂದವು. ಬಾಯಿಮಾತಿನ ಆದೇಶದ ಮೇಲೆ ದಾವೆ ಹೂಡುವುದು ಕಷ್ಟ, ಮತ್ತು ಅತಿ ಕಡಿಮೆ ಸಂಬಳದವರಿಗೆ ಬರುವುದು ಬಾಯಿಮಾತಿನ ಆದೇಶವೇ. ನಾನು ಕೊಟ್ಟ ಉತ್ತರ ಇದು. ಅಕ್ಕ, ಒಬ್ಬರೇ ಕೇಳಬೇಡಿ, ನಾಲ್ಕಾರು ಜನ ಸೇರಿ ಕೇಳಿ. ಅವರು ಬರೆದು ಕೊಡದಿದ್ದರೆ ನೀವೇ ಬರೆಯಿರಿ: "ಇಂಥ ತಾರೀಕು, ಇಂಥ ಹೊತ್ತಿಗೆ ಕೆಲಸಕ್ಕೆ ಬಂದೆವು, ಲಸಿಕೆ ಸರ್ಟಿಫಿಕೇಟ್ ಇಲ್ಲವೆಂದು ವಾಪಸ್ ಕಳಿಸಿದರು, ಯಾವ ಆದೇಶದ ಮೇಲೆ ಎಂದು ತಿಳಿಸಿ." ಕಮಿಷನರ್ ಇಲ್ಲವೇ ಮುಖ್ಯಾಧಿಕಾರಿಯ ಹೆಸರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಂಚೆ ರಸೀದಿ ಇಟ್ಟುಕೊಳ್ಳಿ. ಮೆಸೇಜ್ ಬಂದಿದ್ದರೆ ಅಳಿಸಬೇಡಿ. ಗೇಟಿನ ಮುಂದೆ ನಿಂತ ಫೋಟೊ ಒಂದನ್ನು ತೆಗೆಸಿಕೊಳ್ಳಿ. ಅದರಲ್ಲಿ ತಾರೀಕು, ಸಮಯ ಉಳಿಯುತ್ತದೆ. ಆಮೇಲೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ವಕೀಲರನ್ನು ಪುಕ್ಕಟೆ ಕೊಡಬೇಕು. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ.

ಅವರು ಪಕ್ಕದಲ್ಲಿದ್ದ ಹುಡುಗಿಯ ಕೈಯಲ್ಲಿ ಆ ನಂಬರನ್ನು ಬರೆಸಿಕೊಂಡರು. ಪತ್ರ ಬರೆಯುವುದು ಹೇಗೆ ಎಂದು ಇನ್ನೂ ಕೆಲವರು ಕೇಳಿದ್ದರಿಂದ, ಮೇಲಿನ ಸಾಲುಗಳನ್ನು ಇಲ್ಲಿ ಹಾಗೇ ಕೊಟ್ಟಿದ್ದೇನೆ. ಬೇಕಾದವರು ನಕಲು ಮಾಡಿಕೊಳ್ಳಬಹುದು.